ಸಾವಯವ ಸೌರಕೋಶಕ್ಕೆ ಅದ್ದಿ ಮಾಡುವ ಡೋಪಿಂಗ್: ನನ್ನ ಅನುಭವ

ಸಾವಯವ (ಇಂಗಾಲದ ಅಣುಗಳ) ಸೌರಕೋಶದಲ್ಲಿ ಬೆಳಕು ಹೀರುವ ಸಕ್ರಿಯ ಪದರವನ್ನು ಇಡಿಯಾಗಿ ಡೋಪ್ ಮಾಡುವುದು, ಅಂದರೆ ವಿದ್ಯುತ್ ಚೆನ್ನಾಗಿ ಹರಿಯಲೆಂದು ಬೇರೆ ವಸ್ತು ಬೆರೆಸುವುದು, ನನಗೆ ಒಪ್ಪಿಗೆಯಿಲ್ಲ. ಡೋಪೆಂಟ್ ಒಳಗೆಲ್ಲ ಹರಡಿದರೆ ಎಕ್ಸೈಟಾನ್‌ಗಳು (ಬೆಳಕು ಬಿದ್ದಾಗ ಹುಟ್ಟುವ ಎಲೆಕ್ಟ್ರಾನ್-ಹೋಲ್ ಜೋಡಿಗಳು) ಅಲ್ಲೇ ನಂದಿ ಕರೆಂಟ್ ಇಳಿಯುತ್ತದೆ. ಎಫ್4ಟಿಸಿಎನ್‌ಕ್ಯೂನಂಥ ಸಣ್ಣ ಡೋಪೆಂಟ್ ಅಣುವಾದರೆ ಬಿಸಿಗೆ ಜಾಗ ಬಿಟ್ಟು ಸರಿಯುತ್ತದೆ ಬೇರೆ. ಡೋಪಿಂಗ್ ಬೇಕಾಗಿರುವುದು ಎಲೆಕ್ಟ್ರೋಡ್ ಕೂರುವ ಮೇಲ್ಮೈಗೆ, 10–20 ನ್ಯಾನೋಮೀಟರ್ ಆಳಕ್ಕೆ ಮಾತ್ರ. ಹಾಗಾಗಿ ಜಾರ್ಜಿಯಾ ಟೆಕ್‌ನ ಬರ್ನಾರ್ಡ್ ಕಿಪೆಲೆನ್ ತಂಡ 2017ರಲ್ಲಿ ಪ್ರಕಟಿಸಿದ ವಿಧಾನವನ್ನೇ ಬಳಸುತ್ತೇನೆ: ಒಣಗಿದ ಫಿಲ್ಮನ್ನು ಫಾಸ್ಫೋಮೊಲಿಬ್ಡಿಕ್ ಆಮ್ಲದ (ಪಿಎಂಎ) ದ್ರಾವಣದಲ್ಲಿ ಅದ್ದುವುದು. ಮಾಲಿಬ್ಡಿನಂ ಆಕ್ಸೈಡ್ ಪದರವನ್ನು ವ್ಯಾಕ್ಯೂಮ್‌ನಲ್ಲಿ ಹಾಕುವ ಕೆಲಸ ಇದರಿಂದ ತಪ್ಪುತ್ತದೆ.

ತಳದ ತಯಾರಿ ಮಾಮೂಲಿಯದೇ. ತೊಳೆದ ಐಟಿಒ (ವಿದ್ಯುತ್ ಹರಿಸುವ ಪಾರದರ್ಶಕ ಲೇಪ) ಗಾಜಿನ ಮೇಲೆ 2-ಮೆಥಾಕ್ಸಿಎಥನಾಲ್‌ನಲ್ಲಿ ಶೇ 0.4ಕ್ಕೆ ತೆಳುಗೊಳಿಸಿದ ಪಿಇಐಇ (ಎಲೆಕ್ಟ್ರಾನ್ ಪಡೆಯುವ ಎಲೆಕ್ಟ್ರೋಡಿಗೆ ಹಚ್ಚುವ ಪಾಲಿಮರ್), 5000 ಆರ್‌ಪಿಎಂನಲ್ಲಿ ತಿರುಗಿಸಿ ಹರಡಿ, ನಂತರ 100 ಡಿಗ್ರಿಯಲ್ಲಿ 10 ನಿಮಿಷ. ಅದರ ಮೇಲೆ ಸಕ್ರಿಯ ಪದರ: ಪಿ3ಎಚ್‌ಟಿ ಎಂಬ ಪಾಲಿಮರ್ ಮತ್ತು ಐಸಿಬಿಎ ಎಂಬ ಫುಲ್ಲರೀನ್ 1:1, ಡೈಕ್ಲೋರೋಬೆಂಜೀನ್‌ನಲ್ಲಿ ಮಿಲಿಲೀಟರಿಗೆ ಒಟ್ಟು 40 ಮಿ.ಗ್ರಾಂ. ಪೆಟ್ರಿ ಡಿಶ್ ಮುಚ್ಚಿ ನಿಧಾನ ಒಣಗಿಸಿ, 150 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ.

ಪಿಎಂಎಯನ್ನು ಕರಗಿಸುವುದು ನೈಟ್ರೋಮೀಥೇನ್ ದ್ರವದಲ್ಲಿ, 0.5 ಮೋಲಾರ್ (ಲೀಟರಿಗೆ ಅರ್ಧ ಮೋಲ್) ಗಾಢತೆಗೆ. ನೀರಿಲ್ಲದ ಲೆಕ್ಕದಲ್ಲಿ 10 ಮಿ.ಲೀ.ಗೆ ಸುಮಾರು 9.1 ಗ್ರಾಂ, ಸಿಗುವುದು ಹೈಡ್ರೇಟ್ (ನೀರಿನ ಅಣು ಸೇರಿದ ಪುಡಿ) ಆದ್ದರಿಂದ ಬಾಟಲಿಯ ಲೇಬಲ್ ನೋಡಿ ತೂಕ ಹೆಚ್ಚಿಸಬೇಕು. ಇಷ್ಟು ಪುಡಿಗೆ 10 ಮಿ.ಲೀ. ನೈಟ್ರೋಮೀಥೇನ್ ಸುರಿದರೆ ಗಾಢತೆ ಕಡಿಮೆಯಾಗುತ್ತದೆ. ಮೊದಲು ಕಡಿಮೆ ದ್ರವದಲ್ಲಿ ಕರಗಿಸಿ, ಆಮೇಲೆ ಅಳತೆ ಫ್ಲಾಸ್ಕಿನ 10 ಮಿ.ಲೀ. ಗೆರೆಗೆ ತುಂಬಿಸಿ. ದ್ರಾವಣ ಹಳದಿಯಾಗಿರಬೇಕು. ಹಸಿರು, ನೀಲಿ ಬಣ್ಣಕ್ಕೆ ತಿರುಗಿದ್ದರೆ ಪಿಎಂಎ ಆಗಲೇ ಅಪಕರ್ಷಣಗೊಂಡಿದೆ (ಎಲೆಕ್ಟ್ರಾನ್ ಪಡೆದಿದೆ) ಎಂದರ್ಥ, ಚೆಲ್ಲಿಬಿಡಿ. ಕಂದು ಬಾಟಲಿಯಲ್ಲಿ, ಬೆಳಕಿಗೆ ಮರೆಯಾಗಿ ಇಟ್ಟರೆ ಒಳ್ಳೆಯದು. ನೈಟ್ರೋಮೀಥೇನನ್ನು ಅಮೈನ್, ಕ್ಷಾರಗಳ ಹತ್ತಿರ ಇಡಲೇಬೇಡಿ, ಸ್ಫೋಟದ ಅಪಾಯವಿದೆ. ಅದ್ದುವಾಗ ಗ್ಲವ್ ಬಾಕ್ಸಿನ (ಗಾಳಿ, ತೇವ ಸೋಕದಂತೆ ಮುಚ್ಚಿದ ಪೆಟ್ಟಿಗೆ) ಸರ್ಕ್ಯುಲೇಷನ್ ನಿಲ್ಲಿಸಿ; ಇಲ್ಲವಾದರೆ ಆವಿ ಹೋಗಿ ಅದರ ಅನಿಲ ಶುದ್ಧಗೊಳಿಸುವ ಕ್ಯಾಟಲಿಸ್ಟ್ ಕೆಡುತ್ತದೆ.

ಒಂದು ನಿಮಿಷ ಅದ್ದಿ, ಎತ್ತಿದ ಕೂಡಲೇ ಒಣಗಲು ಬಿಡದೆ ಶುದ್ಧ ನೈಟ್ರೋಮೀಥೇನ್‌ನಲ್ಲಿ ತೊಳೆಯಿರಿ. ಹೆಚ್ಚು ಜನ ಅವಸರ ಮಾಡುವುದು ಇಲ್ಲಿಯೇ. ಉಳಿದ ಆಮ್ಲ ಮೇಲ್ಮೈಯಲ್ಲಿ ಹರಳುಗಟ್ಟುತ್ತದೆ, ಬೆಳಕನ್ನು ಓರೆಯಾಗಿ ಹಿಡಿದರೆ ಮಬ್ಬು ಕಾಣುತ್ತದೆ. ಫಿಲ್ಮಿನಲ್ಲಿ ಪಿನ್‌ಹೋಲ್ (ಸೂಜಿಮೊನೆಯಷ್ಟು ರಂಧ್ರ) ಇದ್ದರಂತೂ ಆಮ್ಲ ನೇರ ಪಿಇಐಇಗೆ ಇಳಿದು ಅದನ್ನು ಕೆಡಿಸುತ್ತದೆ. ಆಗ ಐ-ವಿ (ಕರೆಂಟ್-ವೋಲ್ಟೇಜ್) ಗೆರೆ 'ಎಸ್' ಆಕಾರಕ್ಕೆ ಬಾಗುತ್ತದೆ. ಕೊನೆಗೆ ಬೆಳ್ಳಿಯ ಎಲೆಕ್ಟ್ರೋಡ್, 150 ನ್ಯಾನೋಮೀಟರ್ ದಪ್ಪ.

ದಕ್ಷತೆ ಅಳೆಯುವಾಗ ಕೋಶದ ಮೇಲೆ ಮಾಸ್ಕ್ (ಗೊತ್ತಾದ ಜಾಗಕ್ಕೆ ಮಾತ್ರ ಬೆಳಕು ಬಿಡುವ ಕಿಂಡಿಯ ಹಾಳೆ) ಕಡ್ಡಾಯ. ಡೋಪ್ ಆದ ಮೇಲ್ಮೈ ಅಡ್ಡಕ್ಕೂ ವಿದ್ಯುತ್ ಹರಿಸುವುದರಿಂದ ಬೆಳ್ಳಿಯ ಆಚೆಗಿನ ಜಾಗವೂ ಕರೆಂಟ್ ಕೊಟ್ಟು ದಕ್ಷತೆ ಸುಳ್ಳೇ ಏರುತ್ತದೆ. ಮಾಸ್ಕ್ ಹಾಕಿದ ಕೂಡಲೇ ಕರೆಂಟ್ ಡೆನ್ಸಿಟಿ ದಿಢೀರನೆ ಇಳಿದರೆ, ಹಿಂದಿನ ಅಳತೆಗಳನ್ನೂ ಮಾಸ್ಕ್ ಹಾಕಿ ಮತ್ತೆ ತೆಗೆಯಬೇಕು.