ಲೋಹಾರ್ ಚಾಳಿನ ಕೇಬಲ್ಲು, ನನ್ನ ಡಿಕ್ಕಿಯ ಬೇಸು

"ಇದನ್ನು ಕಾರಿಗೆ ಹಾಕ್ತೀರೋ, ಕ್ರೇನಿಗೋ?" ಅಂತ ಕುರ್ಲಾದ ಫಿಟ್ಟರ್ ಹಿಂದಿಯಲ್ಲಿ ಕೇಳಿ ನಕ್ಕಿದ್ದ. ನನ್ನ ಕೈಯಲ್ಲಿದ್ದದ್ದು 35 ಸ್ಕ್ವೇರ್ ಎಂಎಂನ ತಾಮ್ರದ ವೆಲ್ಡಿಂಗ್ ಕೇಬಲ್, ಕಾರಿನ ಬ್ಯಾಟರಿಯಿಂದ ಡಿಕ್ಕಿಯ ಆಂಪ್ಲಿಫೈಯರಿಗೆ (ಆಂಪ್) ಕರೆಂಟು ಒಯ್ಯಲು. ಭಾವ ನಗಲಿಲ್ಲ. "ಮಾರಾಯ, ಗಾಡಿ ಸುಟ್ಟುಕೊಳ್ಬೇಡ" ಅಂದರು, ಅಷ್ಟೇ. ಅದಾಗಿ ಹದಿನಾಲ್ಕು ತಿಂಗಳಾಯ್ತು. ಎರಡು ಮಳೆಗಾಲ ಕಳೆದಿವೆ. ಡೊಂಬಿವ್ಲಿಯಿಂದ ಕುಂದಾಪುರಕ್ಕೆ ಎರಡು ಸಲ ಹೋಗಿ ಬಂದಿದ್ದೇನೆ, ಒಂದು ಕಡೆಗೇ 800 ಕಿಲೋಮೀಟರ್ ಸುಮಾರಿಗೆ. ಹೆಡ್‌ಲೈಟ್ ಒಮ್ಮೆಯೂ ಕಣ್ಣು ಮಿಟುಕಿಸಿಲ್ಲ. ಹಾಗಾಗಿ ಈಗ ಬರೆಯುವ ಧೈರ್ಯ.

ಗಾಡಿ 2012ರ ಪೆಟ್ರೋಲ್ ಸ್ವಿಫ್ಟ್. ಡಿಕ್ಕಿಯಲ್ಲಿ 12 ಇಂಚಿನ ಒಂದು ಸಬ್ (ಬೇಸಿನ ಸ್ಪೀಕರ್), ಅದನ್ನು ನಡೆಸಲು ಕ್ಲಾಸ್ ಡಿ ಮೊನೋಬ್ಲಾಕ್, ಅಂದರೆ ಒಂದೇ ಚಾನೆಲಿನ ಆಂಪ್. ಡಬ್ಬದ ಮೇಲೆ 1500 ವ್ಯಾಟ್ ಅಂತ ದೊಡ್ಡದಾಗಿ ಬರೆದಿದೆ. ಆಂಪಿನ ಮೈಮೇಲೆ ಮಾತ್ರ 30 ಆಂಪಿಯರಿನ ಎರಡೇ ಫ್ಯೂಸು. 60 ಆಂಪಿಯರ್, 13.8 ವೋಲ್ಟ್, ಗುಣಿಸಿದರೆ 828 ವ್ಯಾಟ್. ಒಳಗೆ ಹೋಗುವುದೇ ಇಷ್ಟು ಅಂದಮೇಲೆ ಹೊರಗೆ 1500 ಎಲ್ಲಿಂದ ಬರಬೇಕು? 600 ಬಂದರೆ ಪುಣ್ಯ. ಅಂದಿನಿಂದ ನಾನು ಡಬ್ಬ ಓದುವುದಿಲ್ಲ, ಫ್ಯೂಸು ಓದುತ್ತೇನೆ.

ಮೊದಲು ಹಾಕಿಸಿದ್ದು ಎಲ್ಲರೂ ಹಾಕಿಸುವ ವೈರಿಂಗ್ ಕಿಟ್ಟೇ. "4 ಗೇಜ್", ಕೆಂಪಗೆ ಹೊಳೆಯುವ ವೈರು, 1,800 ರೂಪಾಯಿ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಪ್ರತಿ ಬೇಸಿಗೂ ಡ್ಯಾಶ್‌ಬೋರ್ಡಿನ ದೀಪ ಕುಣಿಯಲು ಶುರುವಾಯ್ತು. ವಾಲ್ಯೂಮ್ ಏರಿಸಿದರೆ ಆಂಪ್ ಪ್ರೊಟೆಕ್ಟಿಗೆ ಹೋಗಿ ತಾನೇ ಬಂದ್ ಆಗುತ್ತಿತ್ತು. ಫಿಟ್ಟರ್ ಹೇಳಿದ, ಆಂಪ್ ಕೆಟ್ಟಿದೆ. ರಿಪೇರಿಗೆ 1,400. ಬದಲಾದದ್ದು ಏನೂ ಇಲ್ಲ. ಆಮೇಲೆ ಹೇಳಿದ, ಕರೆಂಟು ಕೂಡಿಟ್ಟು ಬೇಕಾದಾಗ ಕೊಡುವ ಕೆಪಾಸಿಟರ್ ಹಾಕಿ. ಒಂದು ಫ್ಯಾರಡ್, ನೀಲಿ ಡಿಸ್‌ಪ್ಲೇ ಇರುವಂಥದ್ದು, 2,600. ಅದರಲ್ಲಿ ವೋಲ್ಟೇಜ್ ಬೀಳುವುದು ಅಂಕೆಯಲ್ಲಿ ಚಂದ ಕಾಣಿಸುತ್ತಿತ್ತು, ಅದೊಂದೇ ಲಾಭ. ಲೆಕ್ಕ ಹಾಕಿದ ಮೇಲೆ ನನಗೇ ನಗು ಬಂತು. ಒಂದು ಫ್ಯಾರಡ್ ಅಂದರೆ, ಒಂದು ವೋಲ್ಟ್ ಇಳಿಯುವಷ್ಟರಲ್ಲಿ ಅದು 60 ಆಂಪಿಯರನ್ನು ಕೊಡುವುದು ಒಂದು ಸೆಕೆಂಡಿನ ಅರವತ್ತನೇ ಒಂದು ಭಾಗ ಹೊತ್ತು. ಬೇಸಿನ ಒಂದು ಏಟು ಮುಗಿಯುವ ಮೊದಲೇ ಅದು ಖಾಲಿ. ಈಗ ಅದು ಟಿವಿ ಪಕ್ಕದಲ್ಲಿ ಶೋಕೇಸಿನಲ್ಲಿದೆ.

ಆಗ ನಾನೇ ಅಳೆಯಲು ಕೂತೆ. ಇಲ್ಲೂ ಒಂದು ಪೆಟ್ಟು ತಿಂದೆ. ಅವಸರದಲ್ಲಿ 900 ಕೊಟ್ಟು ತಂದ ಕ್ಲಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟು ಅಳೆಯುವಂಥದ್ದು) ಎಸಿ ಮಾತ್ರ ಅಳೆಯುತ್ತದೆ! ಬ್ಯಾಟರಿ ವೈರಿಗೆ ಹಿಡಿದರೆ ಸೊನ್ನೆ. ಡಿಸಿ ಅಳೆಯುವುದನ್ನು ಗೆಳೆಯನಿಂದ ಎರವಲು ತಂದೆ. ಭಾನುವಾರ ಬೆಳಿಗ್ಗೆ ಡೊಂಬಿವ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಖಾಲಿ ರಸ್ತೆಗೆ ಹೋದೆ. ಸೊಸೈಟಿಯಲ್ಲಿ ಮಾಡಿದರೆ ಸೆಕ್ರೆಟರಿ ನೋಟಿಸ್ ಕಳಿಸುತ್ತಾರೆ. ಇಂಜಿನ್ ಆನ್ ಇಟ್ಟು, ಹಾಡಿನ ಬದಲು 45 ಹರ್ಟ್ಜಿನ ಟೋನ್ ಹಾಕಿದೆ. ಹಾಡಿನಲ್ಲಿ ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ. ಟೋನನ್ನು ಒಂದು ಸಲಕ್ಕೆ ಏಳೆಂಟು ಸೆಕೆಂಡಿಗಿಂತ ಜಾಸ್ತಿ ಬಿಡಬೇಡಿ, ಸಬ್ಬಿನ ಕಾಯಿಲ್ ಸುಟ್ಟ ವಾಸನೆ ಬರುತ್ತದೆ. ನನಗೆ ಬಂದಿದೆ.

ಕರೆಂಟು 50 ಆಂಪಿಯರ್ ಸುಮಾರಿಗೆ ನಿಂತಿತು. ಬ್ಯಾಟರಿಯಲ್ಲಿ 13.1, ಆಂಪಿನಲ್ಲಿ 11.7. ನಡುವೆ 1.4 ವೋಲ್ಟ್ ಮಾಯ. ಎಲ್ಲಿ ಮಾಯ ಅಂತ ನೋಡಲು ಮೀಟರಿನ ಒಂದು ಕಡ್ಡಿಗೆ ಉದ್ದನೆಯ ತೆಳು ವೈರು ಕಟ್ಟಿ, ಬ್ಯಾಟರಿ ಪ್ಲಸ್‌ನಿಂದ ನೇರ ಆಂಪ್ ಪ್ಲಸ್‌ಗೆ ಹಿಡಿದೆ. 0.8 ವೋಲ್ಟ್. ಆಂಪಿನ ಮೈನಸ್‌ನಿಂದ ಬಾಡಿಗೆ ಹಿಡಿದರೆ 0.4. ಉಳಿದದ್ದು ಜಾಯಿಂಟುಗಳು. ಅರ್ಥಿಂಗ್, ಅಂದರೆ ಬಾಡಿಯ ಮೂಲಕ ಕರೆಂಟು ಬ್ಯಾಟರಿಗೆ ವಾಪಸಾಗುವ ದಾರಿ, ಅದರ ಕಥೆ ಸುಲಭ. ಫಿಟ್ಟರ್ ಮಹಾಶಯ ಸೀಟ್ ಬೋಲ್ಟಿಗೆ, ಪೇಂಟ್ ಮೇಲೇ ಬಿಗಿದಿದ್ದ. ಅಲ್ಲಿ ಬಣ್ಣ ಕೆರೆದು ಲೋಹ ಹೊಳೆಯುವ ಹಾಗೆ ಮಾಡಿ ಬೇರೆ ಬೋಲ್ಟ್ ಹಾಕಿದೆ, 0.4 ಇದ್ದದ್ದು 0.05ಕ್ಕೆ ಬಂತು. ಖರ್ಚು ಮೂವತ್ತು ರೂಪಾಯಿ.

ವೈರಿನ ಕಥೆ ಬೇರೆ. 4 ಗೇಜ್ ಅಂದರೆ 21 ಸ್ಕ್ವೇರ್ ಎಂಎಂ ಇರಬೇಕು. ಕಿಟ್ಟಿನ ವೈರಿನ ಸಿಪ್ಪೆ ಬಿಡಿಸಿದೆ. ಹೆಬ್ಬೆರಳು ದಪ್ಪದ ಪ್ಲಾಸ್ಟಿಕ್ಕು, ಒಳಗೆ ಪೆನ್ಸಿಲಿಗಿಂತ ತೆಳು ತಂತಿ. ನನ್ನ ಅಂದಾಜು 10 ಸ್ಕ್ವೇರ್ ಎಂಎಂ. ಬ್ಲೇಡಿನಿಂದ ಒಂದು ಎಳೆ ಕೆರೆದರೆ ಒಳಗೆ ಬೆಳ್ಳಗೆ. ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ! ಅದು ತಾಮ್ರದ ನೂರಕ್ಕೆ ಅರವತ್ತು ಚಿಲ್ಲರೆಯಷ್ಟೇ ಕರೆಂಟು ಒಯ್ಯುವ ಮಾಲು. ನನ್ನ ಗಾಡಿಯಲ್ಲಿ ವೈರಿನ ಓಟ ಐದೂವರೆ ಮೀಟರ್. 0.8 ಬೀಳದೆ ಇನ್ನೇನು?

ಒಳ್ಳೆ ಕಂಪನಿಯ ಶುದ್ಧ ತಾಮ್ರದ ಕಿಟ್ಟಿಗೆ 9,000 ಹೇಳಿದರು. ಕೊಡುವ ಮನಸ್ಸಾಗಲಿಲ್ಲ. ಮರುದಿನ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿಳಿದು ಮುಂಬೈಯ ಎಲೆಕ್ಟ್ರಿಕಲ್ ಸಾಮಾನಿನ ಪೇಟೆ ಲೋಹಾರ್ ಚಾಳಿಗೆ ನಡೆದೆ. ಮನೆ ವೈರಿಂಗಿನ ದಪ್ಪ ಕೇಬಲ್ ಬೇಡವೇ ಬೇಡ. ಎಳೆ ದಪ್ಪ, ಬಗ್ಗುವುದಿಲ್ಲ, ಗಾಡಿಯ ಅದುರಾಟಕ್ಕೆ ಲಗ್ಗಿನ (ಬೋಲ್ಟಿಗೆ ಬಿಗಿಯುವ ಲೋಹದ ತುದಿ) ಹತ್ತಿರ ತುಂಡಾಗುತ್ತದೆ. ವೆಲ್ಡಿಂಗ್ ಕೇಬಲ್ಲಿನ ಎಳೆ ಕೂದಲಿನಂತೆ. ಇಲ್ಲೂ ಅಲ್ಯೂಮಿನಿಯಂ ಮಾಲು ಸಿಗುತ್ತದೆ, ಹುಷಾರು. ನಾನು ಬ್ಲೇಡು, ಲೈಟರು ಎರಡೂ ಒಯ್ದಿದ್ದೆ. ಎಳೆಯನ್ನು ಬೆಂಕಿಗೆ ಹಿಡಿದೆ, ತಾಮ್ರ ಕೆಂಪಾಯಿತು, ಸೊರಗಿ ಬೀಳಲಿಲ್ಲ. ಅಂಗಡಿಯವನು ಮುಖ ಗಂಟಿಕ್ಕಿದ, ಇರಲಿ. ಮೀಟರಿಗೆ ನಾನೂರರ ಆಸುಪಾಸು, ಏಳು ಮೀಟರ್. ಮೂರು ಕಿಲೋ ಭಾರದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಸಂಜೆಯ ಫಾಸ್ಟ್ ಲೋಕಲ್ ಹತ್ತಿದ್ದು ಇನ್ನೊಂದು ಸಾಹಸ. ಅಂಗಡಿ ಯಾವುದು ಅಂತ ಮಾತ್ರ ಕೇಳಬೇಡಿ.

25 ಸ್ಕ್ವೇರ್ ಎಂಎಂ ಸಾಕಿತ್ತು, ನಿಜ. 50 ಆಂಪಿಯರಿಗೆ 0.2 ವೋಲ್ಟ್ ಬೀಳುತ್ತಿತ್ತು. ಮುಂದೆ ನಾಲ್ಕು ಚಾನೆಲಿನ ಆಂಪ್ ಹಾಕುವ ಆಸೆ ಇದ್ದದ್ದರಿಂದ 35 ತಂದೆ. ಲಗ್ಗುಗಳನ್ನು ಸುತ್ತಿಗೆಯಿಂದ ಬಡಿಯಲಿಲ್ಲ. ಪ್ಯಾನೆಲ್ ಬೋರ್ಡ್ ಮಾಡುವವರ ಹತ್ತಿರ ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿಸಿದೆ, ನಾಲ್ಕಕ್ಕೆ ನೂರು ರೂಪಾಯಿ ಮತ್ತು ಒಂದು ಕಟಿಂಗ್ ಚಹಾ. ರಬ್ಬರಿಗೆ ಬಾನೆಟ್ಟಿನ ಬಿಸಿ, ಆಯಿಲು ಆಗಿಬರುವುದಿಲ್ಲ ಅಂತ ಪೂರ್ತಿ ಸುಕ್ಕು ಪೈಪಿನೊಳಗೆ ಎಳೆದೆ. ಭಾವನ ಭಯಕ್ಕೆ ಉತ್ತರ ಫ್ಯೂಸು. 80 ಆಂಪಿಯರಿನದು, ಬ್ಯಾಟರಿಯಿಂದ ಒಂದು ಮೊಳದೊಳಗೆ. ಹೂವು ಅಳೆದ ಹಾಗೆ ಕೈಯಲ್ಲೇ ಅಳೆಯಿರಿ, 18 ಇಂಚು ಸರಿಯಾಗಿ ಬರುತ್ತದೆ. ಆ ಫ್ಯೂಸು ಆಂಪ್ ಉಳಿಸಲಿಕ್ಕಲ್ಲ, ವೈರು ಹೊತ್ತಿಕೊಳ್ಳದಿರಲಿ ಅಂತ. ಇಷ್ಟು ದಪ್ಪದ ಕೇಬಲ್ಲನ್ನು ಫೈರ್‌ವಾಲಿನಲ್ಲಿ (ಇಂಜಿನ್ನಿಗೂ ಒಳಗಿನ ಸೀಟುಗಳಿಗೂ ನಡುವಿನ ತಗಡಿನ ಗೋಡೆ) ಹೊಸ ತೂತು ಕೊರೆಯದೆ ಹೇಗೆ ತೂರಿಸಿದೆ ಅನ್ನುವುದು ನನ್ನ ಗುಟ್ಟು. ಎರಡು ರಾತ್ರಿ ಬೆವರು ಸುರಿಸಿ ಕಂಡುಕೊಂಡದ್ದು.

ಒಟ್ಟು ಐದು ಸಾವಿರದೊಳಗೆ ಮುಗಿಯಿತು. ಮತ್ತೆ ಅದೇ ಟೋನು, ಅದೇ ರಸ್ತೆ. ಎಲ್ಲ ಸೇರಿ 0.25 ವೋಲ್ಟ್. ಸುಮ್ನೆ ಕುತೂಹಲಕ್ಕೆ, ಆಂಪಿನಿಂದ ಬ್ಯಾಟರಿ ಮೈನಸ್‌ಗೆ 16 ಸ್ಕ್ವೇರ್ ಎಂಎಂನ ಬೇರೆ ವೈರನ್ನೂ ಎಳೆದು ನೋಡಿದೆ. 1,100 ದಂಡ. ಮೀಟರಿನಲ್ಲಿ ಕಾಣುವಂಥ ವ್ಯತ್ಯಾಸವೇ ಇಲ್ಲ, ಬಾಡಿಯ ಉಕ್ಕು ಆ ಕೆಲಸವನ್ನು ಆಗಲೇ ಮಾಡುತ್ತಿತ್ತು. ಕೆಲಸಕ್ಕೆ ಬಂದದ್ದು ಬ್ಯಾಟರಿ ಮೈನಸ್‌ನಿಂದ ಬಾಡಿಗೆ ಹೋಗುವ ಕಂಪನಿ ವೈರಿನ ಜೊತೆ ಉಳಿದ ತುಂಡು ಕೇಬಲ್ ಸೇರಿಸಿದ್ದು. ಹೆಡ್‌ಲೈಟಿನ ಕೊನೆಯ ನಡುಕ ನಿಂತದ್ದು ಆಗಲೇ.

ಕಳೆದ ತಿಂಗಳು ಭಾವನೇ ಫೋನ್ ಮಾಡಿದರು. "ನನ್ನ ಗಾಡಿಗೂ ಒಂದು ಎಳೆದುಕೊಡು ಮಾರಾಯ." ಅವರದು ಹೊಸ ಗಾಡಿ, ಬ್ಯಾಟರಿಯ ಮೈನಸ್ ಟರ್ಮಿನಲ್ಲಿನ ಮೇಲೆ ಕರೆಂಟು ಅಳೆಯುವ ಸೆನ್ಸರ್ ಕೂತಿದೆ. ಅದನ್ನು ದಾಟಿ ನೇರ ಟರ್ಮಿನಲ್ಲಿಗೆ ಕಟ್ಟಿದರೆ ಗಾಡಿಯ ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ, ಹಾಗಾಗಿ ಅರ್ಥಿಂಗ್ ಬಾಡಿಗೇ ಕೊಡಬೇಕು. ಈ ಭಾನುವಾರ ಠಾಣೆಗೆ ಹೋಗುತ್ತಿದ್ದೇನೆ. ಕೂಲಿ ಅಂತ ಕೋರಿ ರೊಟ್ಟಿ ಒಪ್ಪಂದವಾಗಿದೆ.