ವರದಿ ಕೆಂಪಾಗಿದೆ, ಖಾರ ಎಷ್ಟಿದೆ?

ಬ್ಯಾಡಗಿ ಮೆಣಸಿನಕಾಯಿ ನೋಡಲು ಕಡುಕೆಂಪು, ಖಾರ ಮಾತ್ರ ಕಡಿಮೆ. ವೆಬ್ ಸರ್ವರ್‌ನ ಸೆಕ್ಯುರಿಟಿ ಸ್ಕ್ಯಾನ್ ವರದಿಯ ಕೆಂಪು ಸಾಲುಗಳಲ್ಲೂ ಬಹಳಷ್ಟು ಇದೇ ತಳಿಯವು. ಹುಬ್ಬಳ್ಳಿಯ ಸಗಟು ಅಂಗಡಿಯ ಸೈಟಿರಲಿ, ಗದಗಿನ ಮುದ್ರಣಾಲಯದ ಆರ್ಡರ್ ಪುಟವಿರಲಿ, ವರದಿ ಬಂತೆಂದು ಸೈಟನ್ನು ಓಡಿಸುವ ತಂತ್ರಾಂಶ ಅಪಾಚೆಯನ್ನು ಕಿತ್ತು ಹೊಸದು ಕೂರಿಸಲು ಹೋಗಬೇಡಿ. ಸ್ಕ್ಯಾನರ್ ದೋಷವನ್ನು ಮುಟ್ಟಿ ನೋಡಿ ಹೇಳಿತೋ, ಬ್ಯಾನರ್ (ಸರ್ವರ್ ತಾನೇ ಹೇಳಿಕೊಳ್ಳುವ ಹೆಸರು, ಆವೃತ್ತಿ) ಓದಿ ಊಹಿಸಿತೋ? ಪ್ರತಿ ಸಾಲಿಗೂ ಮೊದಲು ಇದನ್ನು ಕೇಳಿ.

ಹೆಚ್ಚಿನವು ಊಹೆಗಳೇ. ಲಿನಕ್ಸ್‌ನ ಉಬುಂಟು 22.04ರಲ್ಲಿ, ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನ ಆವೃತ್ತಿ 8.9ಪಿ1. ಸಿವಿಇ-2024-6387 (ಸಿವಿಇ ಎಂದರೆ ದೋಷಗಳ ಸಾರ್ವಜನಿಕ ಪಟ್ಟಿಯ ಸಂಖ್ಯೆ) ದೋಷ ಮೂಲ ತಂತ್ರಾಂಶದಲ್ಲಿ ಸರಿಹೋದದ್ದು 9.8ರಲ್ಲಿ. 8.9 ಎಂಬುದನ್ನು ಕಂಡೊಡನೆ ಸ್ಕ್ಯಾನರ್ ಕೂಗುತ್ತದೆ. ಆದರೆ ಉಬುಂಟು, ಡೆಬಿಯನ್, ರೆಡ್ ಹ್ಯಾಟ್‌ನವರು ಮುಖ್ಯ ಸಂಖ್ಯೆಯನ್ನು ಹಾಗೇ ಬಿಟ್ಟು, ಹಳೆಯ ಪ್ಯಾಕೇಜಿಗೇ ತೇಪೆ ಹಾಕುತ್ತಾರೆ. ಇದೇ ಬ್ಯಾಕ್‌ಪೋರ್ಟ್. ಉಬುಂಟು 22.04ರಲ್ಲಿ ಪ್ಯಾಕೇಜ್‌ಗಳ ವಿವರ ತೋರಿಸುವ ಡಿಪಿಕೆಜಿ ಆದೇಶದಿಂದ ಪೂರ್ತಿ ಆವೃತ್ತಿ ನೋಡಿ: ಬಾಲದಲ್ಲಿ '3ಉಬುಂಟು0.10' ಅಥವಾ ಅದರ ನಂತರದ್ದಿದ್ದರೆ ಈ ತೂತು ಮುಚ್ಚಿದೆ. ರೆಡ್ ಹ್ಯಾಟ್ ಆದರೆ ಆರ್‌ಪಿಎಂ ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ, ಅಂದರೆ ಬದಲಾವಣೆಗಳ ಪಟ್ಟಿಯಲ್ಲಿ, ಸಿವಿಇ ಸಂಖ್ಯೆ ಹುಡುಕಿ.

ತೇಪೆ ಸಿಕ್ಕಿತೆಂದು ಕಡತ ಮುಚ್ಚಬೇಡಿ. ಗೂಢಲಿಪಿಯ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಅಪ್‌ಡೇಟ್ ಆದರೂ ಅಪಾಚೆಯನ್ನು ಮರುಪ್ರಾರಂಭಿಸದಿದ್ದರೆ ಮೆಮೊರಿಯಲ್ಲಿ ಓಡುತ್ತಿರುವುದು ಹಳೆಯ ಲೈಬ್ರರಿಯೇ. ನೀಡ್‌ರೀಸ್ಟಾರ್ಟ್ ಎಂಬ ಉಪಕರಣ ಓಡಿಸಿದರೆ ಗೊತ್ತಾಗುತ್ತದೆ. ಡಿಸ್ಕ್‌ನಲ್ಲಿ ಹೊಸದು, ಓಟದಲ್ಲಿ ಹಳೆಯದು: ಇಂಥ ಕಡೆ ಸ್ಕ್ಯಾನರ್‌ನ ಕೂಗು ನಿಜ. ಅಪಾಚೆಯ ಸೆಟ್ಟಿಂಗ್‌ನಲ್ಲಿ ಸರ್ವರ್‌ಟೋಕನ್ಸ್ 'ಪ್ರಾಡ್' ಎಂದು ಬರೆದು ಅದರ ಆವೃತ್ತಿ ಅಡಗಿಸಿದರೆ ಕೂಗು ನಿಲ್ಲಬಹುದು. ಅಂಗಡಿಯ ಬೋರ್ಡ್ ತೆಗೆದಂತೆ ಅಷ್ಟೇ, ಬೀಗವೇನೂ ಬಿಗಿಯಾಗಲಿಲ್ಲ.

'ಬ್ಯಾಕಪ್ ಜಿಪ್ ಸಿಕ್ಕಿತು', 'ಪಿಎಚ್‌ಪಿಇನ್ಫೋ (ಸರ್ವರ್‌ನ ಒಳವಿವರ ತೋರಿಸುವ ಪುಟ) ತೆರೆದಿದೆ' ಎಂಬ ಸಾಲುಗಳು ಹತ್ತಾರು ಬಂದರೆ, ಸೈಟಿನಲ್ಲಿ ಖಂಡಿತ ಇಲ್ಲದ ಒಂದು ಹೆಸರನ್ನು ಕರ್ಲ್ ಎಂಬ ಆದೇಶದಿಂದ ಕೇಳಿ ನೋಡಿ. ಅದಕ್ಕೂ 404ರ (ಪುಟ ಇಲ್ಲ) ಬದಲು 200 (ಸರಿ, ಇದೆ) ಬಂದು, ಬೈಟ್ ಲೆಕ್ಕವೂ ವರದಿಯ ವಿಳಾಸಗಳದ್ದೇ ಇದ್ದರೆ, ನಿಮ್ಮ ಸೈಟು ಕೇಳಿದ್ದಕ್ಕೆಲ್ಲ ಒಂದೇ ಪುಟವನ್ನು ಕೊಡುತ್ತಿದೆ. ಗಾತ್ರ ಬೇರೆ ಬಂದ ವಿಳಾಸವನ್ನು ಮಾತ್ರ ಕೈಯಾರೆ ತೆರೆದು ಪರೀಕ್ಷಿಸಿ.

ವಿಳಂಬ ಆಧಾರಿತ ಎಸ್‌ಕ್ಯೂಎಲ್ ಇಂಜೆಕ್ಷನ್ (ಡೇಟಾಬೇಸ್‌ಗೆ ಕಳ್ಳ ಆದೇಶ ತೂರಿಸಿ, ಉತ್ತರ ತಡವಾಗುವುದನ್ನು ನೋಡಿ ಕಂಡುಹಿಡಿದದ್ದು) ವರದಿಯನ್ನು ಅಳೆಯದೆ ತಳ್ಳಿಹಾಕಬೇಡಿ. ಸೈಟಿನ ದಟ್ಟಣೆ ಇಳಿದ ಹೊತ್ತಿನಲ್ಲಿ ಅದೇ ವಿನಂತಿಯನ್ನು 0, 5, 10 ಸೆಕೆಂಡಿನ ನಿದ್ದೆಯೊಂದಿಗೆ ತಲಾ 3 ಸಲ ಕಳಿಸಿ. ಉತ್ತರದ ಸಮಯ ಅದೇ ಅಳತೆಯಲ್ಲಿ ಏರಿದರೆ ದೋಷ ನಿಜ. ಅಡ್ಡಾದಿಡ್ಡಿ ಏರಿಳಿದರೆ ಡೇಟಾಬೇಸ್ ನಿಧಾನವಿರಬಹುದು, ಅದು ಬೇರೆಯೇ ಕಾಯಿಲೆ.

ಕಾರ್ಡ್ ಪಾವತಿ ಪಡೆಯುವವರ ಮೂರು ತಿಂಗಳಿಗೊಮ್ಮೆಯ ಪಿಸಿಐ (ಕಾರ್ಡ್ ಉದ್ಯಮದ ಭದ್ರತಾ ನಿಯಮ) ಬಾಹ್ಯ ಸ್ಕ್ಯಾನ್‌ನಲ್ಲಿ ತೀವ್ರತೆ ಅಳೆಯುವ ಸಿವಿಎಸ್‌ಎಸ್ 4.0 ಅಥವಾ ಹೆಚ್ಚಿನ ಅಂಕದ ದೋಷವಿದ್ದರೆ ಸಾಮಾನ್ಯವಾಗಿ ಫೇಲು. ಅಲ್ಲಿ 'ಸುಳ್ಳು ಎಚ್ಚರಿಕೆ' ಎಂಬ ಬರೀ ಮಾತು ನಡೆಯದು. ಪ್ಯಾಕೇಜ್ ಆವೃತ್ತಿ, ಚೇಂಜ್‌ಲಾಗ್‌ನ ಸಾಲು, ಸರ್ವಿಸ್ ಮರುಪ್ರಾರಂಭಿಸಿದ ಸಮಯ, ಮೂರನ್ನೂ ಲಗತ್ತಿಸಿ. ನಿಮ್ಮದೇ ಸ್ಕ್ಯಾನರ್‌ನಲ್ಲಿ ವಿನಾಯಿತಿ ಕೊಡುವಾಗ ಆ ಒಂದು ಸರ್ವರ್, ಆ ಒಂದು ಪೋರ್ಟ್‌ಗೆ ಮಾತ್ರ, 90 ದಿನದ ಗಡುವಿಟ್ಟು ಕೊಡಿ. ಆ ದೋಷ ಹುಡುಕುವ ಇಡೀ ಪ್ಲಗಿನ್ ಅನ್ನೇ ಆಫ್ ಮಾಡಿದರೆ ಪಕ್ಕದ ಸರ್ವರ್‌ನ ನಿಜವಾದ ತೂತೂ ವರದಿಗೆ ಬಾರದು.