ಹೆದರಿದ ನಾಯಿ ಗುರುಗುಟ್ಟತೊಡಗಿದಾಗ

ನಮ್ಮ ಮನೆಯ ಕೆಂಪಿ ಬೀದಿಯಿಂದ ತಂದು ಸಾಕಿದ ನಾಟಿ ನಾಯಿ. ಒಂದು ದೀಪಾವಳಿಯಲ್ಲಿ ಪಟಾಕಿಯ ಸದ್ದಿಗೆ ಬೆದರಿ ಮೂರು ರಾತ್ರಿ ಮಂಚದ ಕೆಳಗೇ ಕಳೆದ ಅದು, ಮುಂದಿನ ವಾರಗಳಲ್ಲಿ ಗ್ಯಾಸ್ ಸಿಲಿಂಡರ್ ತರುವವರನ್ನು ಕಂಡೊಡನೆ ಗುರುಗುಟ್ಟತೊಡಗಿತು. ಸಿಲಿಂಡರ್ ನೆಲಕ್ಕೆ ತಗಲುವಾಗ ಬರುವ ಠಣ್ಣೆಂಬ ಸದ್ದೇ ಅದಕ್ಕೆ ಕಾರಣವೆಂದು ತಿಳಿಯದ ನಾವು ಪ್ರತಿ ಸಲವೂ ಗದರಿದೆವು. ಗದರಿದ್ದರಿಂದ ಗುರುಗುಟ್ಟುವುದು ನಿಂತಿತೇ ಹೊರತು ಹೆದರಿಕೆ ಹೋಗಲಿಲ್ಲ. ಒಂದು ಬೆಳಿಗ್ಗೆ ಅದು ಸದ್ದೇ ಮಾಡದೆ ಅವರ ಪ್ಯಾಂಟಿಗೆ ಬಾಯಿ ಹಾಕಿತು. ಗುರುಗುಟ್ಟುವುದೆಂದರೆ ನಾಯಿ ‘ದೂರ ಇರಿ’ ಎಂದು ಕೇಳಿಕೊಳ್ಳುವ ಬಗೆ. ಆ ಮಾತನ್ನು ದಯವಿಟ್ಟು ಅದರ ಬಾಯಿಂದ ಕಸಿದುಕೊಳ್ಳಬೇಡಿ.

ಮೊದಲು ಪಶುವೈದ್ಯರಿಗೆ ತೋರಿಸಬೇಕು. ಕಿವಿಯ ಸೋಂಕು, ಹಲ್ಲುನೋವು, ಕೀಲುನೋವು, ಉಣ್ಣಿಯಿಂದ ಬರುವ ಜ್ವರ, ವಯಸ್ಸಾದ ನಾಯಿಗಳಲ್ಲಿ ಮಂದವಾಗುವ ಕಣ್ಣು ಮತ್ತು ಕಿವಿ, ಇವೆಲ್ಲ ಸಾಧುವಾದ ನಾಯಿಯನ್ನೂ ಸಿಡುಕಿನದಾಗಿ ಮಾಡಬಲ್ಲವು. ಸ್ವಭಾವ ಇದ್ದಕ್ಕಿದ್ದಂತೆ ಬದಲಾಗಿ, ಜೊಲ್ಲು ಸುರಿಯುತ್ತಾ, ನುಂಗಲು ಕಷ್ಟಪಡುತ್ತಾ, ತೂರಾಡುತ್ತಾ ಇದ್ದರೆ ರೇಬೀಸ್ ಇರಬಹುದು; ಅಂತಹ ನಾಯಿಯನ್ನು ಮುಟ್ಟದೆ, ಕೋಣೆಯೊಂದರಲ್ಲಿ ಕೂಡಿ ವೈದ್ಯರನ್ನು ಕರೆಯಬೇಕು.

ಗುರುಗುಟ್ಟುವ ಮೊದಲೇ ನಾಯಿ ಎಷ್ಟೋ ಸೂಚನೆಗಳನ್ನು ಕೊಟ್ಟಿರುತ್ತದೆ. ಎದುರಿಗೆ ತಿನಿಸಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು, ಬಾಲ ಮುದುರಿಕೊಳ್ಳುವುದು, ಕೊನೆಗೆ ಮೈ ಮರಗಟ್ಟಿದಂತೆ ಅಲುಗಾಡದೆ ನಿಲ್ಲುವುದು. ಈ ಕೊನೆಯದನ್ನು ಕಂಡರೆ ತಡಮಾಡದೆ ಅಂತರ ಹೆಚ್ಚಿಸಬೇಕು. ಯಾವ ಹೊತ್ತಿನಲ್ಲಿ, ಯಾರ ಎದುರು, ಎಷ್ಟು ದೂರದಲ್ಲಿ ಹೀಗಾಯಿತೆಂದು ಎರಡು ವಾರ ಬರೆದಿಟ್ಟರೆ ಕಾರಣ ತಾನಾಗಿ ಹೊರಬೀಳುತ್ತದೆ. ನಮಗೆ ಸಿಲಿಂಡರಿನ ಸದ್ದು ಹೊಳೆದದ್ದೂ ಹಾಗೆಯೇ.

ಕಾರಣ ತಿಳಿದ ಮೇಲೆ ಮಾಡುವ ಅಭ್ಯಾಸಕ್ಕೆ ತಾಳ್ಮೆ ಬೇಕು. ನಾಯಿ ನೋಡಿಯೂ ನೆಮ್ಮದಿಯಿಂದಿರುವಷ್ಟು ದೂರದಲ್ಲಿ, ಅದು ಇಪ್ಪತ್ತೈದು ಅಡಿಯಾದರೂ ಸರಿ, ಹೆದರಿಸುವ ವ್ಯಕ್ತಿ ಕಾಣಿಸಿಕೊಂಡ ಕೂಡಲೇ ಬೇಯಿಸಿದ ಕೋಳಿಯ ಚೂರನ್ನೋ ಪನೀರನ್ನೋ ಕೊಡುತ್ತಾ ಹೋಗಿ, ಆ ವ್ಯಕ್ತಿ ಮರೆಯಾದೊಡನೆ ನಿಲ್ಲಿಸಬೇಕು. ಇಲ್ಲಿ ಕ್ರಮ ಮುಖ್ಯ: ವ್ಯಕ್ತಿ ಮೊದಲು, ತಿನಿಸು ಆಮೇಲೆ. ತಿನಿಸನ್ನು ಮೂಸಿಯೂ ನೋಡದಿದ್ದರೆ ತೀರಾ ಹತ್ತಿರ ಬಂದಿದ್ದೇವೆಂದು ತಿಳಿದು ಹಿಂದೆ ಸರಿಯಬೇಕು. ದಿನಕ್ಕೆ ಐದು ನಿಮಿಷ ಸಾಕು. ಹಲವು ದಿನಗಳ ನಂತರ, ವ್ಯಕ್ತಿ ಕಂಡೊಡನೆ ನಾಯಿ ತಿರುಗಿ ನಿಮ್ಮ ಕೈ ನೋಡತೊಡಗಿದಾಗ ಮಾತ್ರ ಒಂದೆರಡು ಅಡಿ ಮುಂದೆ ಹೋಗಬಹುದು.

ಅಲ್ಲಿಯವರೆಗೆ ಕಚ್ಚುವ ಸಂದರ್ಭವೇ ಬಾರದಂತೆ ನೋಡಿಕೊಳ್ಳಬೇಕು. ಅತಿಥಿಗಳು ಬರುವ ಮುನ್ನ ನಾಯಿಯನ್ನು ಒಳಕೋಣೆಗೆ ಕಳಿಸಿ; ಅದು ಉಣ್ಣುವಾಗ, ಮಲಗಿದಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಎತ್ತಿನ ಬಾಯಿಗೆ ಹಾಕುವ ಕುಕ್ಕೆಯಂತೆ, ಉಸಿರಾಡಲು ಮತ್ತು ನೀರು ಕುಡಿಯಲು ಬರುವ ಬುಟ್ಟಿಯಾಕಾರದ ಬಾಯಿಕವಚವನ್ನು ತಿನಿಸು ಕೊಟ್ಟು ಮೊದಲೇ ರೂಢಿ ಮಾಡಿಸಿ. ಹೊಡೆಯುವ, ನೆಲಕ್ಕೆ ಒತ್ತಿ ಹಿಡಿಯುವ, ಕರೆಂಟು ಕೊಡುವ ಪಟ್ಟಿ ಕಟ್ಟುವ ತರಬೇತುದಾರರ ಬಳಿಗೆ ಕಳಿಸಬೇಡಿ. ಹೆದರಿಕೆಯಿಂದ ಕಚ್ಚುವ ನಾಯಿಗೆ ಇನ್ನಷ್ಟು ಹೆದರಿಕೆ ಔಷಧವಾಗದು. ಹೆದರಿ ಬಳಿ ಬಂದಾಗ ಸವರಿದರೆ ಹೆದರಿಕೆ ಹೆಚ್ಚುತ್ತದೆಂಬ ಮಾತು ಸುಳ್ಳು. ಅದು ಬಯಸಿದರೆ ಮಡಿಲಿಗೆ ಒರಗಲು ಬಿಡಿ.

ಹೆದರಿಕೆ ತೀವ್ರವಾಗಿದ್ದರೆ ಫ್ಲೂಆಕ್ಸೆಟಿನ್‌ನಂತಹ ಆತಂಕ ತಗ್ಗಿಸುವ ಔಷಧವನ್ನು ಪಶುವೈದ್ಯರು ಬರೆದುಕೊಡಬಹುದು. ಅದರ ಗುಣ ಕಾಣಲು ಕೆಲವು ವಾರಗಳೇ ಬೇಕು, ನಡುವೆ ತಾವಾಗಿ ನಿಲ್ಲಿಸಬಾರದು. ದೀಪಾವಳಿಗೆ ಬೇಕಾದ ಔಷಧದ ಬಗ್ಗೆ ಒಂದು ತಿಂಗಳು ಮೊದಲೇ ಕೇಳಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳನ್ನು ಎಂದೂ ಕೊಡಬೇಡಿ, ಅವು ನಾಯಿಗೆ ವಿಷವಾಗಬಹುದು.

ಇಷ್ಟಾಗಿಯೂ ಕಚ್ಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಮೆತ್ತದೆ ಅಂದೇ ಆಸ್ಪತ್ರೆಗೆ ಹೋಗಿ. ನಾಯಿಗೆ ಲಸಿಕೆ ಹಾಕಿಸಿದ ಚೀಟಿ ಜೊತೆಗಿರಲಿ. ರೇಬೀಸ್ ಲಕ್ಷಣ ಕಾಣುತ್ತದೆಯೇ ಎಂದು ನಾಯಿಯನ್ನು 10 ದಿನ ಮನೆಯಲ್ಲೇ ಇಟ್ಟು ಗಮನಿಸಬೇಕು, ಆದರೆ ಆ ದಿನಗಳು ಕಳೆಯಲೆಂದು ಕಚ್ಚಿಸಿಕೊಂಡವರ ರೇಬೀಸ್ ಚುಚ್ಚುಮದ್ದನ್ನು ಮುಂದಕ್ಕೆ ಹಾಕುವಂತಿಲ್ಲ.